ಮಗಳು ಮಿಲಿಟರಿ ಸೇರ್ತೀನಿ ಅಂತಿದ್ದಾಳಾ? ಯಾವ ದಾರಿ ಯಾರಿಗೆ ಸರಿ, ಒಂದ್ಸಲ ನೋಡಿ

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಕಾಲೇಜಿನ ಎನ್‌ಸಿಸಿ ರೂಮಿನ ಮುಂದೆ ಯಾರಾದರೊಬ್ಬ ಅಪ್ಪ ನಿಂತಿರುತ್ತಾರೆ. ಪಕ್ಕದಲ್ಲಿ ಮಗಳು. "ಮೇಡಂ, ಮಿಲ್ಟ್ರಿ ಮಿಲ್ಟ್ರಿ ಅಂತ ಒಂದೇ ಹಟ. ಎಲ್ಲಿ ಅರ್ಜಿ ಹಾಕೋದು ಹೇಳಿ." ನಾನು ಹಾಸನದ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಹೆಣ್ಣುಮಕ್ಕಳ ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತೇನೆ. ಇದೇ ಉತ್ತರವನ್ನು ಇಷ್ಟು ವರ್ಷ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲೇ ಒಂದು ಮಾತು. ಅಪ್ಪ ಅಮ್ಮ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ, ಸಂಬಳ ಎಷ್ಟು ಮತ್ತು ಎಲ್ಲಿ ಹಾಕುತ್ತಾರೆ ಅಂತ. ಮೂರನೆಯದನ್ನು ಯಾರೂ ಕೇಳುವುದಿಲ್ಲ: ಹೊರಗೆ ಬರುವ ದಿನ ಅವಳಿಗೆ ಎಷ್ಟು ವಯಸ್ಸಾಗಿರುತ್ತದೆ, ಕೈಯಲ್ಲಿ ಏನಿರುತ್ತದೆ? ನನ್ನ ಲೆಕ್ಕದಲ್ಲಿ ದಾರಿ ಆರಿಸಬೇಕಾದದ್ದು ಈ ಪ್ರಶ್ನೆಯಿಂದ. ಹಾಕುವ ಬಟ್ಟೆ ಒಂದೇ ಥರ ಕಾಣುತ್ತದೆ, ಆದರೆ ಒಬ್ಬಳು 22ಕ್ಕೆ ಮನೆಗೆ ಬರುತ್ತಾಳೆ, ಇನ್ನೊಬ್ಬಳು 35ಕ್ಕೆ, ಮತ್ತೊಬ್ಬಳು 54 ದಾಟಿದ ಮೇಲೆ ಪೆನ್ಷನ್ ತಗೊಂಡು.

ಸ್ವಲ್ಪ ಹಿಂದಿನ ಕಥೆ, ಬೇಗ ಮುಗಿಸುತ್ತೇನೆ. 1992ರವರೆಗೆ ಸೈನ್ಯದಲ್ಲಿ ಹೆಂಗಸರು ಅಂದರೆ ಡಾಕ್ಟರು, ನರ್ಸು, ಅಷ್ಟೇ. ಆ ವರ್ಷ ಬೇರೆ ವಿಭಾಗಗಳು ತೆರೆದವು, 1993ರಲ್ಲಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಿಂದ 25 ಜನರ ಮೊದಲ ಬ್ಯಾಚ್ ಹೊರಬಂತು. ಆದರೆ ಅದೆಲ್ಲ ಇಷ್ಟು ವರ್ಷ ಅಂತ ಮಿತಿ ಇದ್ದ ಸೇವೆ. ಗಂಡಸರ ಹಾಗೆ ಕೊನೆಯವರೆಗೂ ಇರುವ ಹಕ್ಕನ್ನು ಬಹುತೇಕ ವಿಭಾಗಗಳಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ್ದು 2020ರ ಫೆಬ್ರವರಿ 17ರಂದು. ಮರುವರ್ಷ ಆಗಸ್ಟ್‌ನಲ್ಲಿ ಎನ್‌ಡಿಎ (ಪಿಯುಸಿ ಆದವರನ್ನು ಆಫೀಸರ್ ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಪರೀಕ್ಷೆಗೂ ಹುಡುಗಿಯರನ್ನು ಕೂರಿಸಿ ಅಂತ ಅದೇ ಕೋರ್ಟು ಹೇಳಿತು. ನಾನು ಪಿಯುಸಿ ಓದುವಾಗ ಎನ್‌ಡಿಎ ಅರ್ಜಿ ನಮ್ಮ ಮನೆಗೂ ಬಂದಿತ್ತು, ನನ್ನ ತಮ್ಮನಿಗೆ. ಅದನ್ನು ತುಂಬಿಕೊಟ್ಟವಳು ನಾನು. ಅವನು ಪರೀಕ್ಷೆ ಬರೆಯಲೂ ಹೋಗಲಿಲ್ಲ, ಆ ಮಾತು ಬೇರೆ.

ಪಿಯುಸಿಯಲ್ಲಿ ಇರುವವರಿಗೆ

ಎನ್‌ಡಿಎ ವಯಸ್ಸಿನ ಮಿತಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಎಲ್ಲಕ್ಕಿಂತ ಮೊದಲು ಕೈತಪ್ಪುವ ಅವಕಾಶ ಇದು, ಅದಕ್ಕೇ ಮೊದಲು ಇದನ್ನು ನೋಡಿ. ಎರಡನೇ ಪಿಯುಸಿ ಓದುತ್ತಿರುವಾಗಲೇ ಬರೆಯಬಹುದು, ವರ್ಷಕ್ಕೆ ಎರಡು ಸಲ ಇರುತ್ತದೆ, ಹುಡುಗಿಯರಿಗೆ ಫೀಸಿಲ್ಲ. ಆರ್ಮಿಗೆ ಆರ್ಟ್ಸ್, ಕಾಮರ್ಸ್ ಓದಿದವರೂ ಆಗುತ್ತದೆ. ನೇವಿ, ಏರ್‌ಫೋರ್ಸ್ ಬೇಕು ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಲೇಬೇಕು.

ಆದರೆ ಇಲ್ಲಿ ಒಂದು ತೊಡಕಿದೆ. ಆರ್ಟ್ಸ್ ಹುಡುಗಿ ಅರ್ಜಿ ಹಾಕಬಹುದು ಸರಿ, ಪರೀಕ್ಷೆಯಲ್ಲಿ 300 ಅಂಕದ ಮ್ಯಾಥ್ಸ್ ಪೇಪರ್ ಎಲ್ಲರಿಗೂ ಒಂದೇ. ಉಳಿದ 600ರಲ್ಲಿ 200 ಇಂಗ್ಲಿಷ್‌ಗೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಕನ್ನಡ ಮೀಡಿಯಂನಿಂದ ಬಂದ ಜಾಣ ಹುಡುಗಿಯರು ಇಲ್ಲೇ ಸೋಲುವುದನ್ನು ಕಣ್ಣಾರೆ ನೋಡಿದ್ದೇನೆ. ಲೆಕ್ಕ ಗೊತ್ತಿರುತ್ತದೆ, ಪ್ರಶ್ನೆ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಸೀಟೂ ಕಡಿಮೆ. ಹುಡುಗಿಯರು ಮೊದಲ ಸಲ ಬರೆದ 2021ರ ನವೆಂಬರ್ ಪರೀಕ್ಷೆಗೆ ಒಂದೂಮುಕ್ಕಾಲು ಲಕ್ಷಕ್ಕೂ ಜಾಸ್ತಿ ಹುಡುಗಿಯರು ಅರ್ಜಿ ಹಾಕಿದ್ದರು. ರಿಟನ್ ಪಾಸಾದವರು ಸಾವಿರದಷ್ಟು. ಸೀಟು 19. ಆ ಬ್ಯಾಚಿನಲ್ಲಿ 17 ಜನ 2025ರ ಮೇ 30ರಂದು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎಯಿಂದ ಮುಗಿಸಿ ಹೊರಟರು. ಹೆದರಿಸಲು ಹೇಳುತ್ತಿಲ್ಲ. ಸಿಕ್ಕರೆ ಇದಕ್ಕಿಂತ ಒಳ್ಳೆಯದು ಇಲ್ಲ: ಮೂರು ವರ್ಷದ ಓದು, ತರಬೇತಿ, ಊಟ ಬಟ್ಟೆ ಎಲ್ಲ ಸರ್ಕಾರದ್ದು, ಆಮೇಲೆ ಒಂದು ವರ್ಷ ಆಯಾ ಪಡೆಯ ಅಕಾಡೆಮಿ, ನಂತರ ಸೀದಾ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗೂ ಇರುವ ಆಫೀಸರ್ ಕೆಲಸ. ಆದರೆ ಇದೊಂದನ್ನೇ ನಂಬಿ ಡಿಗ್ರಿಗೆ ಸೇರದೆ ಒಂದು ವರ್ಷ ಮನೆಯಲ್ಲಿ ಕೂರುವುದಿದೆಯಲ್ಲ, ಅದು ಬೇಡ. ನನ್ನ ಹತ್ತಿರ ಬಂದ ಒಬ್ಬಳ ಅಪ್ಪ ಹಸು ಮಾರಿ ಕೋಚಿಂಗ್‌ಗೆ ದುಡ್ಡು ಕಟ್ಟಿದ್ದರು, "ಗ್ಯಾರಂಟಿ ಸೆಲೆಕ್ಷನ್" ಅಂತ ಬೋರ್ಡ್ ಹಾಕಿಕೊಂಡಿದ್ದ ಕಡೆ. ಅಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಟ್ರ್ಯಾಕ್‌ಸೂಟು, ಝೆರಾಕ್ಸ್ ನೋಟ್ಸು. ಹಳೇ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಮೊದಲು ಅದನ್ನು ಬಿಡಿಸಿ ನೋಡಿ.

ಸೈನ್ಸ್‌ನಲ್ಲಿ ಬಯಾಲಜಿ ತಗೊಂಡವರಿಗೆ ಇನ್ನೊಂದು ದಾರಿ ಇದೆ, ನೀಟ್. ಪುಣೆಯಲ್ಲಿರುವ ಸೇನೆಯ ಮೆಡಿಕಲ್ ಕಾಲೇಜು ಎಎಫ್‌ಎಂಸಿಯಲ್ಲಿ ಎಂಬಿಬಿಎಸ್‌ಗೆ ಹುಡುಗಿಯರಿಗೆ 30 ಸೀಟು, ಅದಕ್ಕೆ ಬೇಕಾದ ರ‍್ಯಾಂಕು ಬಂದವರಿಗೆ ನನ್ನ ಸಲಹೆ ಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಮಿಲಿಟರಿ ನರ್ಸಿಂಗ್ ಸರ್ವಿಸ್ ಬಗ್ಗೆ. ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್, ಹುಡುಗಿಯರಿಗೆ ಮಾತ್ರ, ದೇಶದಲ್ಲಿ ಆರು ಕಾಲೇಜು, ಅದರಲ್ಲಿ ಒಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಹಾಸ್ಪಿಟಲ್‌ನಲ್ಲೇ ಇದೆ. ಓದು, ಹಾಸ್ಟೆಲ್ ಸರ್ಕಾರದ ಖರ್ಚಿನಲ್ಲಿ. ಮುಗಿಸಿದ ಮೇಲೆ ಲೆಫ್ಟಿನೆಂಟ್ ಅಂತ ಭುಜದ ಮೇಲೆ ಎರಡು ನಕ್ಷತ್ರ. "ನರ್ಸಾ?" ಅಂತ ಮೂಗು ಮುರಿಯುವ ಅಪ್ಪಂದಿರು ಇದ್ದಾರೆ. ಅಂಥವರಿಗೆ ನಾನು ಹೇಳುವುದು ಇಷ್ಟು: ನಾಳೆ ಅವಳು ಹೊರಗೆ ಬಂದರೂ ಕೈಯಲ್ಲಿರುವ ಡಿಗ್ರಿಗೆ ಮಂಗಳೂರಿನಿಂದ ದುಬೈವರೆಗೆ ಕೆಲಸ ಇದೆ. ಉಳಿದ ಆಫೀಸರ್‌ಗಳಿಗೆ ಮೂಲ ಸಂಬಳದ ಮೇಲೆ ತಿಂಗಳಿಗೆ ಸಿಗುವ ಮಿಲಿಟರಿ ಸರ್ವಿಸ್ ಪೇ 15,500 ರೂಪಾಯಿ, ಇವರಿಗೆ 10,800, ಆ ವ್ಯತ್ಯಾಸ ಇದೆ, ಗೊತ್ತಿರಲಿ.

ಡಿಗ್ರಿ ಮಾಡುತ್ತಿರುವವರಿಗೆ

ನಮ್ಮ ಊರುಗಳ ಹುಡುಗಿಯರಿಗೆ ಹೆಚ್ಚು ಒಗ್ಗುವುದು ಈ ಹಂತ ಅನ್ನುವುದು ನನ್ನ ಅಭಿಪ್ರಾಯ. ಪಕ್ಷಪಾತ ಅಂದುಕೊಂಡರೂ ಪರವಾಗಿಲ್ಲ, ಯಾಕೆಂದರೆ ನಾನು ಹೇಳಹೊರಟಿರುವುದು ಎನ್‌ಸಿಸಿ ಬಗ್ಗೆ.

ಸಿಡಿಎಸ್ ಅಂತ ಒಂದು ಪರೀಕ್ಷೆ ಇದೆ, ಇದೂ ವರ್ಷಕ್ಕೆರಡು ಸಲ, ಯುಪಿಎಸ್‌ಸಿಯದೇ. ಹುಡುಗಿಯರಿಗೆ ಇದರಲ್ಲಿ ಸಿಗುವುದು ಚೆನ್ನೈ ಅಕಾಡೆಮಿ. ಅದಕ್ಕೆ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಎರಡೇ ಪೇಪರ್, ಮ್ಯಾಥ್ಸ್ ಇಲ್ಲ. ಬಿಎ, ಬಿಕಾಂ ಹುಡುಗಿಯರು ಇದನ್ನು ಕೇಳಿದಾಗ ಮುಖ ಅರಳುವುದನ್ನು ನೋಡಬೇಕು. ಮಕ್ಕಳಿಲ್ಲದ, ಮರುಮದುವೆ ಆಗದ ವಿಧವೆಯರು, ಡೈವೋರ್ಸ್ ಆದವರು ಕೂಡ ಅರ್ಜಿ ಹಾಕಬಹುದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಎನ್‌ಸಿಸಿ ಸ್ಪೆಷಲ್ ಎಂಟ್ರಿಯಲ್ಲಿ ರಿಟನ್ನೇ ಇಲ್ಲ. ಎನ್‌ಸಿಸಿಯ ಸಿ ಸರ್ಟಿಫಿಕೇಟ್‌ನಲ್ಲಿ ಬಿ ಗ್ರೇಡ್‌ಗೆ ಕಡಿಮೆ ಇಲ್ಲದಂತೆ ಇರಬೇಕು, ಡಿಗ್ರಿಯಲ್ಲಿ 50 ಪರ್ಸೆಂಟ್ ಇರಬೇಕು, ಆಫೀಸರ್‌ಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ (ಅದರ ಬಗ್ಗೆ ಕೆಳಗೆ ಹೇಳುತ್ತೇನೆ) ಸೀದಾ ಕರೆ ಬರುತ್ತದೆ. ಸೀಟು ಇಲ್ಲೂ ಬೆರಳೆಣಿಕೆ. ಆದರೂ ಲಕ್ಷ ಜನರ ಜೊತೆ ಪೇಪರ್ ಬರೆಯುವುದು ತಪ್ಪುತ್ತದಲ್ಲ. ಇಂಜಿನಿಯರಿಂಗ್ ಮಾಡಿದವರಿಗೂ ಹೀಗೆಯೇ, ಮಾರ್ಕ್ಸ್ ನೋಡಿ ಎಸ್‌ಎಸ್‌ಬಿಗೆ ಕರೆಯುತ್ತಾರೆ, ವಯಸ್ಸು 27ರವರೆಗೆ. ಲಾ ಓದಿದವರಿಗೆ ಜ್ಯಾಗ್ ಅಂತ ಸೇನೆಯ ಕಾನೂನು ವಿಭಾಗ ಇದೆ, ಎಲ್‌ಎಲ್‌ಬಿಯಲ್ಲಿ 55 ಪರ್ಸೆಂಟ್ ಬೇಕು. ಅಲ್ಲಿ ಗಂಡಸರಿಗೆ ಜಾಸ್ತಿ, ಹೆಂಗಸರಿಗೆ ಕಮ್ಮಿ ಸೀಟು ಅಂತ ಇದ್ದ ಪದ್ಧತಿ ತಪ್ಪು ಅಂತ ಸುಪ್ರೀಂ ಕೋರ್ಟು 2025ರ ಆಗಸ್ಟ್‌ನಲ್ಲಿ ಹೇಳಿದೆ, ಲಾ ಹುಡುಗಿಯರು ಈಗ ಹಿಂದೆ ಮುಂದೆ ನೋಡಬೇಡಿ.

ಇವೆಲ್ಲ ಶಾರ್ಟ್ ಸರ್ವಿಸ್. ಅಂದರೆ ಮೊದಲು 10 ವರ್ಷ, ಬೇಕಿದ್ದರೆ ಇನ್ನೂ 4. ಹತ್ತು ತುಂಬುವಾಗ ಪರ್ಮನೆಂಟ್ ಆಗಲು ಕೇಳಬಹುದು, ಕೇಳಿದವರಿಗೆಲ್ಲ ಸಿಗುವುದಿಲ್ಲ. 20 ವರ್ಷ ತುಂಬದೆ ಪೆನ್ಷನ್ ಇಲ್ಲ. ಹಾಗಾಗಿ 24ಕ್ಕೆ ಸೇರಿದವಳು 34ಕ್ಕೋ 38ಕ್ಕೋ ಹೊರಗೆ ಬಂದರೆ ಒಂದಷ್ಟು ದುಡ್ಡು ಮತ್ತು ಅನುಭವ ಇರುತ್ತದೆ, ಪೆನ್ಷನ್ ಇರುವುದಿಲ್ಲ. ಲೆಫ್ಟಿನೆಂಟ್ ಮೂಲ ಸಂಬಳ 56,100 ರೂಪಾಯಿ, ಅದರ ಮೇಲೆ ಸರ್ವಿಸ್ ಪೇ, ಡಿಎ. ಆ ಹತ್ತು ವರ್ಷದಲ್ಲಿ ಉಳಿಸಿದ್ದೇ ನಿಮ್ಮ ಪೆನ್ಷನ್ ಅಂದುಕೊಂಡು ನಡೆಯಿರಿ.

ಕೊನೆಯವರೆಗೂ ಏರಬಹುದಾ? ಈಗ ಏರುತ್ತಿದ್ದಾರೆ. 2025ರ ಮೇನಲ್ಲಿ ಆಪರೇಷನ್ ಸಿಂದೂರದ ವಿವರ ಹೇಳಲು ಟಿವಿಯಲ್ಲಿ ಬಂದು ಕೂತ ಕರ್ನಲ್ ಸೋಫಿಯಾ ಖುರೇಶಿ ಚೆನ್ನೈ ಅಕಾಡೆಮಿಯಿಂದಲೇ ಹೋದವರು, ಗೋಕಾಕ್ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಆ ದಿನ ನಮ್ಮ ಸ್ಟಾಫ್‌ರೂಮಿನಲ್ಲಿ "ನಮ್ಮ ಬೆಳಗಾವಿ ಸೊಸೆ ಕಣ್ರೀ" ಅಂತ ಉತ್ತರ ಕರ್ನಾಟಕದ ಲೆಕ್ಚರರ್ ಒಬ್ಬರು ಎಲ್ಲರಿಗೂ ಮೈಸೂರುಪಾಕ್ ಹಂಚಿದರು. ಆದರೆ ಆರ್ಮಿಯಲ್ಲಿ ಕಾಲ್ದಳ, ಟ್ಯಾಂಕ್ ದಳ ಹೆಂಗಸರಿಗೆ ಇನ್ನೂ ತೆರೆದಿಲ್ಲ. ಫಿರಂಗಿ ದಳ 2023ರಲ್ಲಿ ತೆರೆಯಿತು, ಮೊದಲು ಹೋದವರು ಐವರು. ಮಗಳು "ಕಮಾಂಡೋ ಆಗ್ತೀನಿ" ಅಂತಿದ್ದರೆ ಇದನ್ನು ಈಗಲೇ ಹೇಳಿಬಿಡಿ.

ಹಾರಬೇಕು ಅನ್ನುವವರಿಗೆ, ಹಡಗು ಬೇಕು ಅನ್ನುವವರಿಗೆ

ಏರ್‌ಫೋರ್ಸ್‌ಗೆ ಡಿಗ್ರಿ ಆದ ಮೇಲೆ ಎಎಫ್‌ಕ್ಯಾಟ್ ಅನ್ನುವ ಪರೀಕ್ಷೆ. ಪೈಲಟ್ ಆಗಲು ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು, ಡಿಗ್ರಿಯಲ್ಲಿ 60 ಪರ್ಸೆಂಟ್, ವಯಸ್ಸು 20ರಿಂದ 24, ಎತ್ತರ 162.5 ಸೆಂಟಿಮೀಟರ್. ಎತ್ತರ ಇದ್ದರೂ ಕಾಲಿನ ಉದ್ದ, ಕೂತಾಗಿನ ಎತ್ತರ ಅಳೆಯುತ್ತಾರೆ, ಕಾಕ್‌ಪಿಟ್‌ನಲ್ಲಿ ಪೆಡಲ್ ಎಟುಕಬೇಕಲ್ವಾ. ಪೈಲಟ್‌ಗೆ ಒಂದು ಕಂಪ್ಯೂಟರ್ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಜೀವಮಾನದಲ್ಲಿ ಒಂದೇ ಅವಕಾಶ. ಫೇಲಾದರೆ ಮುಗಿಯಿತು, ಎನ್‌ಡಿಎಯಿಂದ ಹೋದರೂ ಎಎಫ್‌ಕ್ಯಾಟ್‌ನಿಂದ ಹೋದರೂ. ಹಾಗಾಗಿ ಸುಮ್ನೆ ನೋಡಿಬರೋಣ ಅಂತ ಆ ಪರೀಕ್ಷೆಗೆ ಹೋಗಬೇಡಿ.

ಚಿಕ್ಕಮಗಳೂರಿನ ಮೇಘನಾ ಶಾನಭಾಗ್ 2018ರಲ್ಲಿ ಹೈದರಾಬಾದ್ ಹತ್ತಿರದ ದುಂಡಿಗಲ್ ಏರ್‌ಫೋರ್ಸ್ ಅಕಾಡೆಮಿಯಿಂದ ಹೊರಬಂದು ಫೈಟರ್ ವಿಮಾನಕ್ಕೆ ಆಯ್ಕೆಯಾದವರು. ಮೊದಲ ಮೂವರು ಫೈಟರ್ ಹುಡುಗಿಯರು ಬಂದು ಆಗ ಬರೀ ಎರಡು ವರ್ಷ ಆಗಿತ್ತು. ಆ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಕಲಿಯುವುದು ನಮ್ಮ ಬೀದರ್‌ನಲ್ಲಿ. ಎತ್ತರ ಸಾಲದವರು ಬೇಜಾರಾಗಬೇಡಿ, ಗ್ರೌಂಡ್ ಡ್ಯೂಟಿ ಇದೆ: 152 ಸಾಕು, ವಯಸ್ಸೂ 26ರವರೆಗೆ. ಇಂಜಿನಿಯರ್‌ಗಳಿಗೆ ತರಬೇತಿ ಬೆಂಗಳೂರಿನ ಜಾಲಹಳ್ಳಿಯಲ್ಲೂ ಇರುತ್ತದೆ.

ನೇವಿ ಬಗ್ಗೆ ಚಿಕ್ಕದಾಗಿ. ಆಫೀಸರ್ ತರಬೇತಿ ಕೇರಳದ ಎಳಿಮಲದಲ್ಲಿ. ಕಾರವಾರದ ಕಡೆಯ ಹುಡುಗಿಯರಿಗೆ ಕದಂಬ ನೌಕಾನೆಲೆ ನೋಡಿ ಆಸೆ ಹುಟ್ಟಿರುತ್ತದೆ, ಮಲೆನಾಡಿನವರಿಗೆ ಸಮುದ್ರ ಅಂದರೆ ಮಂಗಳೂರು ಬೀಚು. ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಮತ್ತು ರೂಪಾ ಇಬ್ಬರೇ ತಾರಿಣಿ ಅನ್ನುವ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ಗೋವಾ ಬಿಟ್ಟು ಭೂಮಿ ಸುತ್ತಿ ಮೇ ಕೊನೆಗೆ ವಾಪಸ್ ಬಂದರು. ಇದನ್ನು ಹೇಳಿದರೆ ನಮ್ಮ ಹುಡುಗಿಯರು ಕೇಳುವ ಮೊದಲ ಪ್ರಶ್ನೆ, "ಅಷ್ಟು ದಿನ ಊಟಕ್ಕೆ ಏನ್ ಮಾಡಿದ್ರು ಮ್ಯಾಮ್?"

ಎಸ್‌ಎಸ್‌ಎಲ್‌ಸಿ, ಪಿಯುಸಿ ಮೇಲೇ ಕೆಲಸ ಬೇಕು ಅನ್ನುವವರಿಗೆ

ಇಲ್ಲಿ ನಿಧಾನವಾಗಿ ಓದಿ. ಹೆಚ್ಚು ಜನ ಎಡವುವುದು ಇಲ್ಲೇ.

ಅಗ್ನಿವೀರ್ ಅಂದರೆ 4 ವರ್ಷದ ಸೈನಿಕ ಕೆಲಸ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷಕ್ಕೆ 40,000. ಅದರಲ್ಲಿ 30 ಪರ್ಸೆಂಟ್ ಹಿಡಿದುಕೊಳ್ಳುತ್ತಾರೆ, ಹಾಗಾಗಿ ಮೊದಲ ವರ್ಷ ಕೈಗೆ 21,000. ಹಿಡಿದಷ್ಟೇ ದುಡ್ಡನ್ನು ಸರ್ಕಾರವೂ ಹಾಕಿ ಕೊನೆಗೆ ಸುಮಾರು 10 ಲಕ್ಷ ಮತ್ತು ಅದರ ಬಡ್ಡಿ ಕೊಡುತ್ತದೆ. ಪೆನ್ಷನ್ ಇಲ್ಲ. ನಾಲ್ಕು ವರ್ಷದ ಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರನ್ನು. ಆ ನಾಲ್ಕು ವರ್ಷ ಮದುವೆ ಆಗುವಂತಿಲ್ಲ.

ಆರ್ಮಿಯಲ್ಲಿ ಹುಡುಗಿಯರಿಗೆ ಇರುವ ಅಗ್ನಿವೀರ್ ಕೆಲಸ ಮಿಲಿಟರಿ ಪೊಲೀಸ್ ಒಂದೇ. ತರಬೇತಿ ಬೆಂಗಳೂರಿನಲ್ಲಿ. ಅಗ್ನಿವೀರ್ ಬರುವ ಮೊದಲೇ, 2021ರ ಮೇನಲ್ಲಿ, ಅಲ್ಲಿಂದ 83 ಹುಡುಗಿಯರ ಮೊದಲ ಬ್ಯಾಚ್ ಹೊರಬಂದಿತ್ತು. ಎಸ್‌ಎಸ್‌ಎಲ್‌ಸಿಯಲ್ಲಿ 45 ಪರ್ಸೆಂಟ್ ಇದ್ದರೆ ಸಾಕು. ಆದರೆ ಎತ್ತರ 162 ಸೆಂಟಿಮೀಟರ್ ಬೇಕು, ನಮ್ಮ ಕಡೆಯ ಹುಡುಗಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗೋಡೆ ಹತ್ತಿರವೇ ಹಿಂದೆ ಉಳಿಯುತ್ತಾರೆ. ಏರ್‌ಫೋರ್ಸ್ ಅಗ್ನಿವೀರ್‌ಗೆ 152 ಸಾಕು. ನೇವಿಯ ಮೊದಲ ಅಗ್ನಿವೀರ್ ಬ್ಯಾಚಿನಲ್ಲಿ 273 ಹುಡುಗಿಯರಿದ್ದರು, ಒಡಿಶಾದ ಚಿಲ್ಕಾದಲ್ಲಿ ತರಬೇತಿ. ಏರ್‌ಫೋರ್ಸ್‌ನವರಿಗೆ ಬೆಳಗಾವಿಯ ಸಾಂಬ್ರಾ, ಅಲ್ಲಿ 2023ರ ಡಿಸೆಂಬರ್‌ನಲ್ಲಿ ಮೊದಲ ಸಲ 153 ಹುಡುಗಿಯರು ಪರೇಡ್ ಮಾಡಿ ಹೊರಬಂದರು.

ಈಗ ಇದರ ಪಕ್ಕದಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಇಟ್ಟು ನೋಡಿ. ಇವು ಸೇನೆ ಅಲ್ಲ, ಗೃಹ ಸಚಿವಾಲಯದ ಕೆಳಗಿನ ಪಡೆಗಳು. ಊರಲ್ಲಿ ಎಲ್ಲವನ್ನೂ ಸೇರಿಸಿ ಮಿಲ್ಟ್ರಿ ಅಂತಲೇ ಕರೆಯುತ್ತೇವೆ, ಅದಕ್ಕೇ ಗೊಂದಲ. ಇವುಗಳಲ್ಲಿ ಕಾನ್ಸ್‌ಟೇಬಲ್ ಆಗಲು ಎಸ್‌ಎಸ್‌ಸಿ ಜಿಡಿ ಅನ್ನುವ ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಪಾಸು, ವಯಸ್ಸು 18ರಿಂದ 23, ಎತ್ತರ 157. 2024ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ! ಮೂಲ ಸಂಬಳ 21,700ರಿಂದ ಶುರು, ಡಿಎ ಬೇರೆ, ಸೇವೆ 60 ವರ್ಷದವರೆಗೆ. ಓಟ ಇದರಲ್ಲಿ 1.6 ಕಿಲೋಮೀಟರಿಗೆ ಎಂಟೂವರೆ ನಿಮಿಷ, ಮಿಲಿಟರಿ ಪೊಲೀಸ್‌ಗೆ ಫಸ್ಟ್ ಗ್ರೂಪ್ (ಬೇಗ ಓಡಿದವರ ಗುಂಪು) ಬೇಕಿದ್ದರೆ ಏಳೂವರೆ.

ನನ್ನನ್ನು ಕೇಳಿದರೆ, ಮನೆಗೆ ಸಂಬಳ ಬೇಕೇ ಬೇಕು ಅನ್ನುವ ಹುಡುಗಿಗೆ ಎಸ್‌ಎಸ್‌ಸಿ ಜಿಡಿ ಮೊದಲು, ಅಗ್ನಿವೀರ್ ಎರಡನೆಯದು. ಮನೆ ಒಂದು ಮಟ್ಟಿಗೆ ನಡೆಯುತ್ತದೆ, 18ಕ್ಕೆ ಹೋಗಿ 22ಕ್ಕೆ ಹತ್ತು ಲಕ್ಷ ತಂದು ಆಮೇಲೆ ಓದು ಮುಂದುವರಿಸುವ ಛಲ ಇದೆ ಅನ್ನುವವಳಿಗೆ ಅಗ್ನಿವೀರ್ ಕೆಟ್ಟದ್ದೇನಲ್ಲ. ಆದರೆ ಆ ಹತ್ತು ಲಕ್ಷ ಮದುವೆ ಖರ್ಚಿಗೆ ಅಂತ ಅಪ್ಪ ಈಗಲೇ ಲೆಕ್ಕ ಹಾಕಿಕೊಂಡಿದ್ದಾರಾ, ಅದನ್ನು ಮೊದಲು ಮನೆಯಲ್ಲಿ ಕೂತು ಮಾತಾಡಿ. ಒಬ್ಬರ ಮನೆಯಲ್ಲಿ ನನ್ನೆದುರೇ ಆ ಲೆಕ್ಕ ನಡೆಯಿತು. ಹುಡುಗಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಎಸ್‌ಎಸ್‌ಬಿ ಅನ್ನುವ ಐದು ದಿನ

ಆಫೀಸರ್ ಆಗುವ ದಾರಿ ಯಾವುದೇ ಇರಲಿ (ನರ್ಸಿಂಗ್, ಎಂಬಿಬಿಎಸ್ ಬಿಟ್ಟು) ಎಸ್‌ಎಸ್‌ಬಿ ತಪ್ಪುವುದಿಲ್ಲ. ನಮಗೆ ಹತ್ತಿರ ಅಂದರೆ ಬೆಂಗಳೂರು, ಏರ್‌ಫೋರ್ಸ್‌ಗೆ ಮೈಸೂರು. ನಾನು ಎರಡು ಸಲ ಹೋಗಿದ್ದೇನೆ, ಎರಡೂ ಸಲ ಬ್ಯಾಗ್ ಎತ್ತಿಕೊಂಡು ವಾಪಸ್. ಮೊದಲ ಸಲ ಮೊದಲ ದಿನವೇ. ಪರದೆ ಮೇಲೆ ಮಸುಕಾದ ಒಂದು ಚಿತ್ರ ಅರ್ಧ ನಿಮಿಷ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರಿ ಅಂದರು. ಬರೆದೆ, ಚೆನ್ನಾಗಿಯೇ ಬರೆದೆ. ಆಮೇಲೆ ಗುಂಪಿನಲ್ಲಿ ಕೂತು ಮಾತಾಡಬೇಕು. ದೆಹಲಿ, ಚಂಡೀಗಢದ ಹುಡುಗಿಯರು ಪಟಪಟ ಇಂಗ್ಲಿಷ್ ಶುರು ಮಾಡಿದರು, ನಾನು ನನ್ನ ಸರದಿ ಬರಲಿ ಅಂತ ಕಾಯುತ್ತಾ ಕೂತೆ. ಸರದಿ ಬರಲೇ ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಚೆಸ್ಟ್ ನಂಬರ್ ವಾಪಸ್ ಕೊಟ್ಟಿದ್ದೆ.

ಎರಡನೇ ಸಲ ಐದನೇ ದಿನದವರೆಗೂ ಇದ್ದೆ. ಹಗ್ಗ, ಹಲಗೆ, ಗುಂಪಿನ ಕೆಲಸ, 15 ಸೆಕೆಂಡಿಗೊಂದು ಪದಕ್ಕೆ ವಾಕ್ಯ ಬರೆಯುವುದು, ಅದರಲ್ಲಿ ನಮ್ಮ ಹುಡುಗಿಯರು ಯಾರಿಗೂ ಕಮ್ಮಿ ಇಲ್ಲ. ಗದ್ದೆ ಬದುವಿನ ಮೇಲೆ ಹುಲ್ಲು ಹೊರೆ ಹೊತ್ತು ನಡೆದವಳಿಗೆ ಹಲಗೆ ಮೇಲೆ ನಡೆಯುವುದು ಯಾವ ಲೆಕ್ಕ? ಸೋಲುವುದು ಬಾಯಿ ಬಿಡುವುದರಲ್ಲಿ. ಅದಕ್ಕೇ ನಾನು ಈಗ ವಾರಕ್ಕೆ ಮೂರು ದಿನ ಸಂಜೆ ನನ್ನ ಕೆಡೆಟ್‌ಗಳನ್ನು ಮರದ ಕೆಳಗೆ ಕೂರಿಸಿ ಪೇಪರಿನ ಒಂದು ಸುದ್ದಿ ಕೊಟ್ಟು ಇಂಗ್ಲಿಷ್‌ನಲ್ಲಿ ಜಗಳ ಆಡಿ ಅನ್ನುತ್ತೇನೆ. ವ್ಯಾಕರಣ ತಪ್ಪಲಿ, ಪರವಾಗಿಲ್ಲ. ಎಸ್‌ಎಸ್‌ಬಿಯಲ್ಲಿ ಹಿಂದಿಯಲ್ಲೂ ಉತ್ತರ ಕೊಡಬಹುದು, ಹಿಂದಿ ಚೆನ್ನಾಗಿ ಬರುವ ಕಲಬುರಗಿ, ಬೀದರ್ ಕಡೆಯವರಿಗೆ ಇದು ಅನುಕೂಲ.

ಓಟ, ಮದುವೆ, ಮಾರ್ಕ್ಸ್ ಕಾರ್ಡು

1.6 ಕಿಲೋಮೀಟರ್ ಅಂದರೆ 400 ಮೀಟರ್ ಗ್ರೌಂಡಿನಲ್ಲಿ ನಾಲ್ಕು ಸುತ್ತು. ಒಬ್ಬಳು ಮೊದಲ ದಿನ ಚೂಡಿದಾರ್‌ನಲ್ಲೇ ಬಂದು 9 ನಿಮಿಷ 40 ಸೆಕೆಂಡಿಗೆ ಮುಗಿಸಿ ವಾಂತಿ ಮಾಡಿಕೊಂಡಳು. ನಾಲ್ಕು ತಿಂಗಳ ಮೇಲೆ 7 ನಿಮಿಷ 20. ಮಾಡಿದ್ದೇನು? ಬೆಳಿಗ್ಗೆ ಐದೂವರೆಗೆ ವಾರಕ್ಕೆ ಐದು ದಿನ ಓಟ, ರಾಗಿ ಗಂಜಿ, ಎರಡು ಮೊಟ್ಟೆ, ಮತ್ತು ರಕ್ತ ಕಮ್ಮಿ ಇದ್ದದ್ದಕ್ಕೆ ಡಾಕ್ಟರು ಕೊಟ್ಟ ಐರನ್ ಮಾತ್ರೆ. ಆ ಕೊನೆಯದನ್ನು ಮರೆಯಬೇಡಿ. ಓಡಲು ಆಗುತ್ತಿಲ್ಲ ಅನ್ನುವ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಸಮಸ್ಯೆ ಕಾಲಿನದ್ದಲ್ಲ, ರಕ್ತದ್ದು. ಮೊದಲು ಹಿಮೋಗ್ಲೋಬಿನ್ ನೋಡಿಸಿ, ಆಮೇಲೆ ಬೈಯಿರಿ.

ಮದುವೆ ವಿಷಯ ಅಮ್ಮಂದಿರು ಕೇಳಿಯೇ ಕೇಳುತ್ತಾರೆ. ಆಫೀಸರ್ ಆಗುವವರು ಸೇರುವಾಗ, ತರಬೇತಿ ಮುಗಿಯುವವರೆಗೆ ಮದುವೆ ಆಗುವಂತಿಲ್ಲ. ಆಮೇಲೆ ಆಗಬಹುದು, 180 ದಿನ ಹೆರಿಗೆ ರಜೆ ಇದೆ. ವರ ಸಿಗುತ್ತಾನಾ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಮಿಲಿಟರಿಗೆ ಹೋಗದವರಿಗೂ ಅದೇ ಕಷ್ಟ ಅಲ್ವಾ.

ಇನ್ನು ಕಾಗದಪತ್ರ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಿಯುಸಿಯಲ್ಲಿ ಇನ್ನೊಂದು ಥರ, ಅಮ್ಮನ ಹೆಸರು ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಲಕ್ಷ್ಮಮ್ಮ. ಓಟ, ರಿಟನ್ ಎಲ್ಲ ಪಾಸಾಗಿ ದಾಖಲೆ ನೋಡುವ ಟೇಬಲ್ ಮುಂದೆ ಅಳುತ್ತಾ ನಿಂತವರನ್ನು ನೋಡಿದ್ದೇನೆ. ತಿದ್ದಿಸಲು ತಿಂಗಳುಗಟ್ಟಲೆ ಬೇಕು. ಅರ್ಜಿ ಯಾವುದಕ್ಕೆ ಅಂತ ಆಮೇಲೆ ತೀರ್ಮಾನ ಮಾಡಿ, ಇವತ್ತು ರಾತ್ರಿ ಬೀರು ತೆಗೆದು ಮೂರೂ ಕಾರ್ಡು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ ನೋಡಿ.